ಗೆಸ್ಟ್ ಹೌಸಿನ ಯಂತ್ರವೂ ಅತ್ತೆಮನೆಯ ಕಾವಲಿಯೂ

ನಮ್ಮ ಮನೆಯಲ್ಲಿ ಇನ್ನು ಮುಂದೆ ಮನುಷ್ಯಮಾತ್ರರು ಪಾತ್ರೆ ತೊಳೆಯತಕ್ಕದ್ದಲ್ಲ! ಹೀಗೆಂದು ನಾನು ಘೋಷಿಸಿದ್ದು ಒಂದು ಬುಧವಾರ ಬೆಳಿಗ್ಗೆ, ಕಾಫಿ ಲೋಟವನ್ನು ಮೈಕಿನಂತೆ ಹಿಡಿದುಕೊಂಡು. ಸಭೆಯಲ್ಲಿ ಹಾಜರಿದ್ದವಳು ನನ್ನ ಹೆಂಡತಿ ಪ್ರಭಾ ಒಬ್ಬಳೇ. ಅವಳು ನನಗೆ ಬೆನ್ನು ಮಾಡಿ ಸಿಂಕಿನಲ್ಲಿ ಸಾರಿನ ಪಾತ್ರೆ ಉಜ್ಜುತ್ತಿದ್ದಳು.

“ಕುಡಿದಾಗಿದ್ರೆ ಆ ಲೋಟ ಈ ಕಡೆ ಕೊಡಿ. ನಿಮ್ಮ ಘೋಷಣೆ ಜಾರಿಗೆ ಬರೋವರ್ಗೂ ನಾನೇ ತಾನೆ ತೊಳೀಬೇಕು?” ಅಂದಳು.

ಕೊಟ್ಟೆ. ದೊಡ್ಡ ಬದಲಾವಣೆಗಳ ಮುಂಚೆ ಸಣ್ಣ ಅವಮಾನಗಳು ಇದ್ದೇ ಇರುತ್ತವೆ.

ನನ್ನ ಶಪಥಕ್ಕೆ ಕಾರಣವಿತ್ತು. ಪಾತ್ರೆಗೆ ಬರುತ್ತಿದ್ದ ಗಂಗಮ್ಮ ಮಗಳ ಬಾಣಂತನಕ್ಕೆಂದು ಊರಿಗೆ ಹೋದವಳು ಅಲ್ಲೇ ಉಳಿದುಬಿಟ್ಟಿದ್ದಳು. ಸರ್ಜಾಪುರದ ಕಡೆ ಸಂಸಾರ ಹೂಡಿರುವ ನಮ್ಮ ಮಗಳು ಶರಣ್ಯ ಫೋನು ಮಾಡಿ, “ಅಪ್ಪಾ, ಒಂದು ಡಿಶ್‌ವಾಶರ್ ಆರ್ಡರ್ ಮಾಡಿಬಿಡ್ತೀನಿ. ನಾಳೆನೇ ಬಂದ್ಬಿಡತ್ತೆ” ಎಂದಳು. ನಾನು ಖಡಾಖಂಡಿತವಾಗಿ ಬೇಡವೆಂದೆ. ಈ ಉಪೇಂದ್ರ ಏನು ಸಾಮಾನ್ಯನೇ? ಜೀವಮಾನವಿಡೀ ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೂತು, ಬಂದ ಮಾಲನ್ನೆಲ್ಲ ತಿರುಗಿಸಿ ಮುರುಗಿಸಿ ನೋಡಿ “ರಿಜೆಕ್ಟ್” ಎಂದು ಸೀಲು ಒತ್ತಿ ನಿವೃತ್ತನಾದವನು. ಈಗಿನ ಯಂತ್ರಗಳನ್ನು ಬೆರಳಿನಿಂದ ತಟ್ಟಿದರೆ ಬಿಸ್ಕತ್ತಿನ ಡಬ್ಬದ ಸದ್ದು ಬರುತ್ತದೆ. ಬಾಗಿಲು ಪ್ಲಾಸ್ಟಿಕ್ಕು, ಗುಂಡಿ ಪ್ಲಾಸ್ಟಿಕ್ಕು, ಗ್ಯಾರಂಟಿ ಕಾಗದ ಮಾತ್ರ ದಪ್ಪ!

“ಹಳೇ ಕಾಲದ್ದು ಸಿಕ್ಕಿದ್ರೆ ಮಾತ್ರ ತಗೋಬೇಕು ಕಣಮ್ಮಾ,” ಅಂದೆ.

“ಹಳೇ ಕಾಲದಲ್ಲಿ ಡಿಶ್‌ವಾಶರ್ ಎಲ್ಲಿತ್ತಪ್ಪ? ಅಮ್ಮ ಇದ್ಲು,” ಅಂದಳು ಮಗಳು.

ಎಲ್ಲಿತ್ತು ಅಂತ ನನಗೆ ಗೊತ್ತಿತ್ತು. ನಮ್ಮ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿತ್ತು! ಎಂಬತ್ತರ ದಶಕದಲ್ಲಿ ಹೊಸ ಯಂತ್ರಗಳನ್ನು ಕೂರಿಸಲು ವಿದೇಶದಿಂದ ಎಂಜಿನಿಯರುಗಳು ಬಂದಿದ್ದರು. ಅವರ ತಟ್ಟೆ ಬಟ್ಟಲು ತೊಳೆಯಲು ಅವರ ದೇಶದಿಂದಲೇ ಒಂದು ಪಾತ್ರೆ ತೊಳೆಯುವ ಯಂತ್ರವೂ ಹಡಗು ಹತ್ತಿ ಬಂದಿತ್ತು. ಎಂಜಿನಿಯರುಗಳು ನಮ್ಮ ಸಾರು ತಿಂದು ಹೊಟ್ಟೆ ಹಿಡಿದುಕೊಂಡು ವಾಪಸು ಹೋದರು. ಯಂತ್ರ ಮಾತ್ರ ಅದೇ ಸಾರಿನ ಜಿಡ್ಡು ತೊಳೆಯುತ್ತ ವರ್ಷಾನುಗಟ್ಟಲೆ ಗಟ್ಟಿಮುಟ್ಟಾಗಿ ಉಳಿಯಿತು. ಈಗ ಗೆಸ್ಟ್ ಹೌಸನ್ನು ಕೆಡವುತ್ತಿದ್ದರು. ಸಾಮಾನೆಲ್ಲ ಹರಾಜು. ಗುಜರಿಯವರು ಮಂಚ, ಫ್ಯಾನು, ಕಿಟಕಿಗೆಲ್ಲ ಕೂಗಿದರು. ಯಂತ್ರದ ಸರದಿ ಬಂದಾಗ ಎಲ್ಲರೂ ನೆಲ ನೋಡಿದರು. ನಾನೊಬ್ಬನೇ ಕೈಯೆತ್ತಿದೆ. ಅವಿರೋಧ ಆಯ್ಕೆ! ಒಬ್ಬ ಗುಜರಿಯವನು ಹತ್ತಿರ ಬಂದು, “ಸಾರ್, ಬೇಡ ಅನ್ನಿಸಿದ್ರೆ ಕಾಲ್ ಮಾಡಿ” ಎಂದು ಕಾರ್ಡು ಕೊಟ್ಟ. ನಾನು ಗಂಭೀರವಾಗಿ ನಕ್ಕೆ.

ಯಂತ್ರ ಟೆಂಪೊ ಏರಿ ಬಗಲಗುಂಟೆಯ ನಮ್ಮ ಮನೆಗೆ ಬಂತು. ಹೊತ್ತು ತಂದವರು ಮೊದಲ ಮಹಡಿಗೆ ಏರಿಸುವಷ್ಟರಲ್ಲಿ ಎಲ್ಲ ದೇವರುಗಳನ್ನೂ ನೆನೆದಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಹೀಗಾಗಿ ಊಟದ ಮೇಜಿನ ಪಕ್ಕದಲ್ಲಿ, ಗೋಡೆಗೆ ಒರಗಿ, ಶಾಶ್ವತ ಅತಿಥಿಯಂತೆ ನಿಂತಿತು. ನೀರಿನ ಪೈಪನ್ನು ಬಚ್ಚಲಿನಿಂದ ಎಳೆದೆ.

“ಊಟಕ್ಕೆ ಕೂತ್ರೆ ಪಕ್ಕದಲ್ಲಿ ಯಾರೋ ನಿಂತ್ಕೊಂಡು ನಮ್ಮ ತಟ್ಟೆನೇ ನೋಡ್ತಿರೋ ಹಾಗಿದೆ ಕಣ್ರೀ,” ಅಂದಳು ಪ್ರಭಾ.

“ಅದರ ಕೆಲಸವೇ ಅದು! ತಟ್ಟೆ ಖಾಲಿಯಾಗೋದನ್ನ ಕಾಯ್ತಿದೆ.”

ಆ ಸಂಜೆಯೇ ಸ್ಟೀಲ್ ಲೋಟ, ತಟ್ಟೆ, ಪಿಂಗಾಣಿ ಬಟ್ಟಲುಗಳನ್ನು ಜೋಡಿಸಿ, ಅಂಗಡಿಯಿಂದ ತಂದ ಡಿಶ್‌ವಾಶರ್ ಪುಡಿ ಹಾಕಿ, ಕಬ್ಬಿಣದ ಗುಂಡಿಯನ್ನು ಕಟಕಟ ತಿರುಗಿಸಿದೆ. ಯಂತ್ರ ಒಮ್ಮೆ ನಡುಗಿತು. ಮನೆಯ ದೀಪಗಳು ಮಂಕಾದವು. ಆಮೇಲೆ ಒಳಗೆ ಗುಡುಗು ಶುರುವಾಯಿತು. ಕೆಳಗಿನ ಮನೆಯ ಶರಣಮ್ಮ ಮೆಟ್ಟಿಲ ಬುಡದಿಂದ, “ಮೇಲ್ಗಡೆ ಬೋರ್‌ವೆಲ್ ಕೊರಿಸ್ತಿದೀರೇನ್ರೀ?” ಎಂದು ಕೂಗಿದರು. ಆದರೆ ಕೊನೆಗೆ ಬಾಗಿಲು ತೆರೆದಾಗ ಬಂದ ಪಾತ್ರೆಗಳಿದ್ದವಲ್ಲ, ಅಬ್ಬಾ! ಕಾಫಿ ಲೋಟದ ತಳದಲ್ಲಿ ನಮ್ಮ ಮದುವೆಯ ಕಾಲದಿಂದ ಇದ್ದ ಕಂದು ಉಂಗುರ ಮಾಯ. ಸಾರಿನ ಬಟ್ಟಲಿನ ಅರಿಸಿನ ಬಣ್ಣ ಮಾಯ. ಈಗಿನ ಯಂತ್ರಗಳು ನೀರು ಉಳಿಸುತ್ತವೆ, ಕರೆಂಟು ಉಳಿಸುತ್ತವೆ, ಜೊತೆಗೆ ಜಿಡ್ಡನ್ನೂ ಉಳಿಸುತ್ತವೆ. ಇದಕ್ಕೆ ಉಳಿತಾಯ ಎಂದರೇನೆಂದೇ ಗೊತ್ತಿರಲಿಲ್ಲ. ಕುದಿನೀರನ್ನು ಎರಡು ಕೈಯಿಂದ ಎರಚಿ ಎರಚಿ ಗಂಟೆಗಟ್ಟಲೆ ತೊಳೆಯುತ್ತಿತ್ತು.

ಪ್ರಭಾ ಒಂದು ಲೋಟ ಎತ್ತಿ ಬೆಳಕಿಗೆ ಹಿಡಿದು, “ಹ್ಞೂ” ಅಂದಳು.

ಪ್ರಭಾಳ ಬಾಯಿಂದ “ಹ್ಞೂ” ಬರುವುದೆಂದರೆ ಬೇರೆಯವರಿಗೆ ಪದ್ಮ ಪ್ರಶಸ್ತಿ ಬಂದ ಹಾಗೆ. ನನ್ನ ತಲೆ ತಿರುಗಿದ್ದು ಅಲ್ಲಿಂದಲೇ.

“ಇಷ್ಟಕ್ಕೇ ಕುಣೀಬೇಡಿ,” ಅಂದಳು ಅವಳು. “ಸ್ಟೀಲು, ಪಿಂಗಾಣಿ ಏನ್ ಬೇಕಾದ್ರೂ ಹಾಕ್ಕೊಳ್ಳಿ. ಬೇರೆ ಯಾವುದನ್ನೂ ಮುಟ್ಟಕೂಡ್ದು. ಭಾನುವಾರ ಅಮ್ಮ ಬರ್ತಿದಾಳೆ. ಅಮ್ಮ ನೋಡಿ ಇರ್ಲಿ ಅಂದ್ರೆ ಇದು ಇರ್ಲಿ. ಇಲ್ಲಾಂದ್ರೆ ಸೋಮವಾರ ಆ ಗುಜರಿಯವನಿಗೆ ಫೋನ್ ಮಾಡಿ.”

ಅಂದರೆ ನನ್ನ ಯಂತ್ರದ ಅಳಿವು ಉಳಿವು ನನ್ನ ಅತ್ತೆ ಅನುಸೂಯಮ್ಮನವರ ಕೈಗೆ ಹೋಯಿತು. ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ತಂದೆ, ಪ್ರಭಾಳ ತಂದೆ ಇಬ್ಬರೂ ಅದೇ ಕಾರ್ಖಾನೆಯವರು. ಎರಡೂ ಮನೆ ಟೌನ್‌ಶಿಪ್ಪಿನ ಒಂದೇ ಸಾಲಿನ ಕ್ವಾರ್ಟರ್ಸ್. ಅಂದಮೇಲೆ ಅನುಸೂಯಮ್ಮನವರು ನನ್ನನ್ನು ಚಡ್ಡಿ ಜಾರುತ್ತಿದ್ದ ವಯಸ್ಸಿನಿಂದ ನೋಡಿದವರು. ಅಂಥ ಅತ್ತೆಯ ಮುಂದೆ ಅಳಿಯನ ಗತ್ತು ನಡೆಯುವುದಿಲ್ಲ. ಈಗ ಅವರು ಬೇಗೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದರೂ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಮೆಟ್ರೊ ಬದಲಾಯಿಸಿ ನಮ್ಮ ಮನೆಗೆ ಬರುತ್ತಾರೆ. ಮಗಳನ್ನು ನೋಡಲಿಕ್ಕೆ ಎಂದು ಬಾಯಲ್ಲಿ ಹೇಳುತ್ತಾರೆ. ನಿಜವಾಗಿ ಬರುವುದು ದೋಸೆಗೆ.

ಆ ದೋಸೆಯ ಹಿಂದೆ ಒಂದು ಕಾವಲಿ ಇದೆ. ಮದುವೆಯಾಗಿ ಬರುವಾಗ ಪ್ರಭಾ ತವರಿನಿಂದ ತಂದ ಕಬ್ಬಿಣದ ಕಾವಲಿ. “ನಮ್ಮತ್ತೆಯ ಅತ್ತೆ ಕಾಲದ್ದು, ಜೋಪಾನ” ಎಂದು ಕೊಟ್ಟಿದ್ದರಂತೆ. ಅನುಸೂಯಮ್ಮನವರು ಪ್ರತಿಸಲ ಬಂದಾಗಲೂ ಅದರ ವಯಸ್ಸು ಒಂದು ತಲೆಮಾರು ಹೆಚ್ಚುತ್ತಿತ್ತು. ಹೋದ ಸಲ ಬಂದಾಗ ಅದು ಮೈಸೂರು ಅರಸರ ಕಾಲಕ್ಕೆ ಹೋಗಿ ಮುಟ್ಟಿತ್ತು. ಎಂಟು ವರ್ಷದ ಹಿಂದೆ ತೀರಿಕೊಂಡ ನನ್ನ ಅಮ್ಮ ಕೂಡ ಅದೇ ಕಾವಲಿಯಲ್ಲಿ ದೋಸೆ ಹುಯ್ಯುತ್ತ, ನಾನು ಒಲೆಯ ಹತ್ತಿರ ಸುಳಿದರೆ ಸಾಕು, “ಅದು ಬೀಗರ ಮನೇದು ಕಣೋ! ದೂರ ನಿಂತ್ಕೋ!” ಎನ್ನುತ್ತಿದ್ದಳು. ಹೀಗಾಗಿ ನಾನು ಆ ಕಾವಲಿಯ ಹತ್ತಿರ ಹೋದವನೇ ಅಲ್ಲ. ಅತ್ತೆಮನೆಯ ಆಸ್ತಿ, ನಮಗ್ಯಾಕೆ ಉಸಾಬರಿ?

ಶನಿವಾರ ಪ್ರಭಾ ತರಕಾರಿ ತರಲು ಯಶವಂತಪುರದ ಮಾರ್ಕೆಟ್ಟಿಗೆ ಹೋದಳು. ಮನೆಯಲ್ಲಿ ನಾನು, ಯಂತ್ರ, ಇಬ್ಬರೇ. ನಾಳೆ ಅತ್ತೆಯ ಮುಂದೆ ಬರೀ ಲೋಟ ತಟ್ಟೆ ತೋರಿಸಿದರೆ ಸಾಕೇ ಎಂದು ಯೋಚನೆ ಹತ್ತಿತು. ತಪಾಸಣೆ ವಿಭಾಗದಲ್ಲಿ ನಮಗೊಂದು ಪದ್ಧತಿ ಇತ್ತು. ಹೊಸ ಯಂತ್ರದ ಪರೀಕ್ಷೆ ಮಾಡುವಾಗ ಇರುವುದರಲ್ಲಿ ಅತಿ ಕೆಟ್ಟ ಪೀಸನ್ನೇ ಕೊಡಬೇಕು. ಅದನ್ನು ಸರಿ ಮಾಡಿದರೆ ಉಳಿದದ್ದನ್ನು ಕೇಳುವುದೇ ಬೇಡ, ಪಾಸು! ಅಡಿಗೆಮನೆಯ ನಡುವೆ ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು, ಇರುವುದರಲ್ಲಿ ಅತಿ ಕೆಟ್ಟ ಪೀಸು ಯಾವುದೆಂದು ಸುತ್ತಲೂ ನೋಡಿದೆ.

ಗೂಟದಲ್ಲಿ ಕಾವಲಿ ನೇತಾಡುತ್ತಿತ್ತು. ಮುಂಭಾಗ ಅಮಾವಾಸ್ಯೆ. ಹಿಂಭಾಗದಲ್ಲಿ ಕಿಟ್ಟ ಹೊಸದಾಗಿ ಹಾಕಿದ ಟಾರು ರಸ್ತೆಯಷ್ಟು ದಪ್ಪ.

ಈ ಕಾವಲಿಗೆ ಸೋಪು ಮುಟ್ಟಿಸಬಾರದು ಎಂದು ಪ್ರಭಾ ಹೇಳುತ್ತಿದ್ದದ್ದು ನನಗೆ ಗೊತ್ತಿತ್ತು. ಅದನ್ನು ನಾನು ಮಂಗಳವಾರ ಉಗುರು ಕತ್ತರಿಸಬಾರದು ಎನ್ನುವ ಸಾಲಿಗೆ ಸೇರಿಸಿಬಿಟ್ಟಿದ್ದೆ. ಅಲ್ಲದೆ ಯಂತ್ರಕ್ಕೆ ಹಾಕುವುದು ಪುಡಿ, ಸೋಪಲ್ಲವಲ್ಲ! ಈ ಒಂದು ಸಂದು ಸಿಕ್ಕಿದ್ದೇ ತಡ, ಕಾವಲಿಯನ್ನು ಇಳಿಸಿಯೇಬಿಟ್ಟೆ. ಜಾಗ ಖಾಲಿ ಬಿಡುವುದೇಕೆಂದು ಅಲ್ಯೂಮಿನಿಯಂ ಕುಕ್ಕರು, ಬಾಣಲೆ, ಇಡ್ಲಿ ತಟ್ಟೆಗಳನ್ನೂ ಪಕ್ಕದಲ್ಲಿ ಕೂರಿಸಿದೆ. ಹಳೆಯ ಯಂತ್ರ, ಹಸಿವು ಹೆಚ್ಚು ಎಂದು ಪುಡಿಯನ್ನೂ ಧಾರಾಳವಾಗಿ ಸುರಿದೆ. ಗುಂಡಿಯನ್ನು ಕೊನೆಯ ಗುರುತಿನವರೆಗೆ ತಿರುಗಿಸಿದೆ. ಗುಡುಗು ಶುರುವಾಯಿತು. ನಾನು ಪೇಪರು ಓದುತ್ತ ಕೂತೆ. ಅಷ್ಟು ನೆಮ್ಮದಿಯಾಗಿ ನಾನು ಪೇಪರು ಓದಿದ್ದು ಅದೇ ಕೊನೆ.

ಬಾಗಿಲು ತೆರೆದಾಗ ಹಬೆ ಎದ್ದಿತು. ಹಬೆಯ ನಡುವಿನಿಂದ ಕಾವಲಿ ಪ್ರತ್ಯಕ್ಷವಾಯಿತು. ಬೆಳ್ಳಗೆ! ಅಂದರೆ ಬರಿ ಕಬ್ಬಿಣದ ಬಣ್ಣ, ಈಗಷ್ಟೇ ಕಾರ್ಖಾನೆಯಿಂದ ಹೊರಬಿದ್ದ ಹಾಗೆ. ಹಿಂದಿನ ಟಾರು ರಸ್ತೆಯೂ ಬಹುಪಾಲು ಕೊಚ್ಚಿಹೋಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ನಲವತ್ತು ವರ್ಷದ ಹಳೆಯ ಯಂತ್ರವಯ್ಯಾ ಇದು! ಈಗಿನದು ಯಾವುದಾದರೂ ಇಷ್ಟು ಮಾಡೀತೇ?

ಒಂದು ಸಣ್ಣ ವಿಚಿತ್ರ ನಡೆದಿತ್ತು. ಹೊಳೆಯುತ್ತಿದ್ದ ಕುಕ್ಕರು, ಬಾಣಲೆ, ಇಡ್ಲಿ ತಟ್ಟೆಗಳೆಲ್ಲ ಕಪ್ಪಗಾಗಿದ್ದವು. ಕಪ್ಪಗಿದ್ದದ್ದು ಬೆಳ್ಳಗಾಗಿ ಬೆಳ್ಳಗಿದ್ದದ್ದು ಕಪ್ಪಗಾಗಿತ್ತು. ಇರಲಿ, ಮನೆಯಲ್ಲಿ ಒಟ್ಟು ಕಪ್ಪು ಹೆಚ್ಚಾಗಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಪ್ರಭಾ ಬಂದಳು. ನಾನು ಕಾವಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು, “ಕಣ್ಮುಚ್ಚು” ಅಂದೆ.

“ಏನ್ ಮಾಡಿದೀರಿ ಹೇಳಿ ಮೊದ್ಲು.”

“ಟಡಾ!” ಎಂದು ಮುಂದೆ ಹಿಡಿದೆ.

“ಯಾರದಿದು?”

“ನಮ್ಮದೇ!”

“ಹೊಸದು ತಂದ್ರಾ? ಯಾಕೆ? ನಮ್ಮ ಕಾವಲಿ ಎಲ್ಲಿ?”

“ಇದೇ ಕಣೇ ನಮ್ಮ ಕಾವಲಿ!”

ಅವಳು ಗೂಟ ನೋಡಿದಳು. ಕಾವಲಿ ನೋಡಿದಳು. ಚೀಲ ಕೆಳಗಿಟ್ಟು ಕುರ್ಚಿಯ ಮೇಲೆ ಕೂತಳು. ಬೈಯಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ. ನಾವಿಬ್ಬರೂ ನೋಡುತ್ತಿದ್ದ ಹಾಗೆಯೇ ಆ ಬೆಳ್ಳಗಿನ ಕಾವಲಿಯ ಅಂಚಿನಲ್ಲಿ ಕೆಂಪಗೆ ತುಕ್ಕು ಹಿಡಿಯಲು ಶುರುವಾಯಿತು.

“ಪಳಗಿದ ಕಾವಲಿ ಕಣ್ರೀ ಅದು,” ಅಂದಳು ಕೊನೆಗೆ, ತಣ್ಣಗೆ. “ಎಷ್ಟು ವರ್ಷದ ಎಣ್ಣೆ ಕುಡಿದು ಕಪ್ಪಗಾಗಿತ್ತು ಗೊತ್ತಾ? ಅದು ಕೊಳೆ ಅಲ್ಲ. ಅದೇ ಕಾವಲಿ. ನೀವು ಕಾವಲೀನ ತೊಳೆದು ಕಬ್ಬಿಣ ಉಳಿಸಿದೀರಿ. ನಾಳೆ ಅಮ್ಮ ಬಂದು ದೋಸೆ ಅಂದ್ರೆ ಏನ್ ಹೇಳ್ಲಿ?”

“ಇಡ್ಲಿ ಮಾಡಿಬಿಡು.”

“ಇಡ್ಲಿ ತಟ್ಟೆ ಎಲ್ಲಿ?”

ತೋರಿಸಿದೆ. ತೋರಿಸಬಾರದಿತ್ತು.

ಪ್ರಭಾ ಒಲೆ ಹಚ್ಚಿ, ತುಕ್ಕು ಒರೆಸಿ, ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಕಾವಲಿಯನ್ನು ತಿಕ್ಕಿದಳು. ಒಂದು ಸೌಟು ಹಿಟ್ಟು ಹುಯ್ದಳು. ದೋಸೆ ಕಾವಲಿಯನ್ನು ಅಪ್ಪಿಕೊಂಡಿತು. ಮೊಗಚೆಕೈ ಹಾಕಿ ಎಬ್ಬಿಸಿದರೆ ಚೂರು ಚೂರಾಗಿ ಬಂತೇ ಹೊರತು ದೋಸೆಯಾಗಿ ಬರಲಿಲ್ಲ. ಅವಳ ಕಣ್ಣು ತುಂಬಿತು. ಯಂತ್ರ ಹಾಳಾಗಿ ಹೋಗಲಿ, ಈ ಹೆಂಗಸಿನ ತವರಿನ ಕಾವಲಿಯನ್ನು ನಾನು ಹಾಳು ಮಾಡಿದೆನಲ್ಲ!

ಆದರೆ ನಾನು ಕಾರ್ಖಾನೆಗಳೇ ತುಂಬಿದ ಪೀಣ್ಯದ ಕಡೆಯ ಮನುಷ್ಯ. ಕಬ್ಬಿಣ ಕಪ್ಪಗಾಗಬೇಕೆಂದರೆ ಈರುಳ್ಳಿ ಹುಡುಕುವವನಲ್ಲ. “ಕೊಡಿಲ್ಲಿ! ಕಪ್ಪಗೆ ಮಾಡಿಸೋದೇ ತಾನೆ? ಸಂಜೆಯೊಳಗೆ ತಂದುಕೊಡ್ತೀನಿ,” ಎಂದು ಕಾವಲಿಯನ್ನು ಬಟ್ಟೆಯಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಇಟ್ಟುಕೊಂಡು ಹೊರಟೆ.

ಪೀಣ್ಯ ಎರಡನೇ ಹಂತದಲ್ಲಿ ವೆಂಕಟರಮಣಪ್ಪನ ಶೆಡ್ಡಿದೆ. ಅವನು ಆ ಊರಿನ ಹಳೇ ಕುಳ. ನಮ್ಮ ಕಾರ್ಖಾನೆಯಲ್ಲೇ, ಉಪಕರಣ ತಯಾರಿಸುವ ಟೂಲ್ ರೂಮಿನಲ್ಲಿದ್ದವನು, ನಿವೃತ್ತಿಗೆ ಮುಂಚೆಯೇ ಬಿಟ್ಟು, ಅಪ್ಪನ ಹೊಲವಿದ್ದ ಜಾಗದಲ್ಲಿ ಬೋಲ್ಟು ನಟ್ಟುಗಳಿಗೆ ತುಕ್ಕು ಹಿಡಿಯದಂತೆ ಕಪ್ಪು ಬಣ್ಣ ಬರಿಸುವ ಕೆಲಸ ಹಾಕಿಕೊಂಡಿದ್ದಾನೆ. ದಿನವೂ ಲಾರಿಗಟ್ಟಲೆ ಕಬ್ಬಿಣವನ್ನು ಕಪ್ಪು ಮಾಡುವವನಿಗೆ ಒಂದು ಕಾವಲಿ ಯಾವ ಲೆಕ್ಕ?

ಬಟ್ಟೆ ಬಿಚ್ಚಿದೆ. ಕತೆ ಹೇಳಿದೆ. ಅವನು ನಗಲು ಶುರು ಮಾಡಿದವನು ಪಕ್ಕದ ಶೆಡ್ಡಿನವರು ಬಂದು ನೋಡುವವರೆಗೂ ನಿಲ್ಲಿಸಲಿಲ್ಲ.

“ಅಲ್ಲ ಗುರು, ನಮ್ ತೊಟ್ಟೀಲಿರೋದು ಕೆಮಿಕಲ್ಲು! ಇದರಾಗೆ ಅದ್ದಿ ತೆಗೆದ್ರೆ ಕಪ್ಪಂತೂ ಆಯ್ತದೆ. ಆಮೇಲೆ ಅದರ ಮೇಲೆ ದ್ವಾಸೆ ಉಯ್ದು ನಿಮ್ಮತ್ತೆಗೆ ಕೊಟ್ಯಾ? ಪೊಲೀಸ್ನೋರು ಬತ್ತಾರೆ!”

“ಹಾಗಾದ್ರೆ ಏನ್ ಮಾಡ್ಲಿ?”

“ಮನೆಗೋಗು. ಎಂಡ್ತಿ ಕಾಲಿಗೆ ಬೀಳು. ಇಂಗೇ ಇದನ್ನೂ ಎತ್ಕೊಂಡು ಓಗು,” ಎಂದು ಕಾವಲಿಯನ್ನು ನನ್ನ ಕಡೆ ತಿರುಗಿಸಿದ. ತಿರುಗಿಸಿದವನು ಅಲ್ಲೇ ನಿಂತ. ಅದರ ಬೆನ್ನನ್ನು ದೀಪದ ಕೆಳಗೆ ಹಿಡಿದು ಕಣ್ಣು ಕಿರಿದು ಮಾಡಿದ.

“ಇಲ್ಲಿ ನೋಡು ಗುರು. ಎಸರು ಒಡ್ಸವ್ರೆ. ಇದು ನಮ್ ಟೂಲ್ ರೂಮಿನ ಪಂಚು! ಈ ‘ಆರ್’ ಕಾಲು ಮುರಿದಿತ್ತು, ನಂಗೆ ಚೆನ್ನಾಗಿ ಗೊತ್ತು.”

ಟೌನ್‌ಶಿಪ್ಪಿನಲ್ಲಿ ಇದು ಎಲ್ಲರ ಮನೆಯ ರೂಢಿ. ಯಾರ ಮನೆಯಲ್ಲಿ ಸಮಾರಂಭವಾದರೂ ಪಾತ್ರೆಗಳು ಇಡೀ ಸಾಲು ಸುತ್ತುತ್ತಿದ್ದವು. ಅದಲುಬದಲಾಗಬಾರದೆಂದು ಗಂಡಂದಿರು ಪಾತ್ರೆಗಳನ್ನು ಊಟದ ಡಬ್ಬಿಯ ಚೀಲದಲ್ಲಿ ಗುಟ್ಟಾಗಿ ಟೂಲ್ ರೂಮಿಗೆ ಒಯ್ದು, ಅಕ್ಷರದ ಪಂಚಿನಿಂದ ಹೆಂಡತಿಯ ಹೆಸರು ಹೊಡೆಸಿಕೊಂಡು ಬರುತ್ತಿದ್ದರು. ಈ ಕಾವಲಿಯ ಬೆನ್ನಿನ ಮೇಲೂ, ಕಿಟ್ಟದಡಿ ಇಷ್ಟು ಕಾಲ ಮುಚ್ಚಿಹೋಗಿದ್ದ ಹೆಸರೊಂದು ಈಗ ಸ್ಪಷ್ಟವಾಗಿ ಎದ್ದು ಕಾಣುತ್ತಿತ್ತು. ಇಂಗ್ಲಿಷ್ ದಪ್ಪಕ್ಷರಗಳು. ಕೆ. ಭದ್ರಮ್ಮ.

ಕೆ. ಭದ್ರಮ್ಮ ಎಂದರೆ ನನ್ನ ಅಮ್ಮ!

ನಾನು ಪಕ್ಕದಲ್ಲಿದ್ದ ಬೋಲ್ಟಿನ ಡ್ರಮ್ಮಿನ ಮೇಲೆ ಕೂತುಬಿಟ್ಟೆ. ನನ್ನ ಮದುವೆಗೆ ಮುಂಚೆ ನಮ್ಮ ಮನೆಯ ಕಾವಲಿ ಕಾಣೆಯಾದದ್ದು ನೆನಪಾಯಿತು. ಒಂದು ಭಾನುವಾರ ದೋಸೆ ಕೇಳಿದ್ದಕ್ಕೆ ಅಮ್ಮ, “ಕಾವಲಿ ಯಾರೋ ಇಸ್ಕೊಂಡು ಹೋಗಿದಾರೆ, ಬರತ್ತೆ ಬಿಡು” ಎಂದಿದ್ದಳು. ಬಂದಿತ್ತು! ಸೊಸೆಯ ಜೊತೆ, ಅತ್ತೆಮನೆಯ ಉಡುಗೊರೆಯಾಗಿ ಬಂದಿತ್ತು! ಪಾಪ, ಅಮ್ಮ ತನ್ನ ಕಾವಲಿಯ ಮೇಲೆ ತಾನೇ ದೋಸೆ ಹುಯ್ಯುತ್ತ, ಬೀಗರ ಮನೆಯದು ಎಂದು ಹೆದರುತ್ತ ಬದುಕು ಕಳೆದಳು. ನನಗೂ ಗುರುತು ಸಿಕ್ಕಿರಲಿಲ್ಲ. ನಾನು ಜೀವಮಾನವೆಲ್ಲ ದೋಸೆಯ ಮುಖ ನೋಡಿದವನು, ಕಾವಲಿಯ ಮುಖ ನೋಡಿದವನಲ್ಲ. ಮೈಸೂರು ಅರಸರ ಕಾಲದ್ದಂತೆ! ಅರಸರ ಕಾಲದಲ್ಲಿ ನಮ್ಮ ಟೂಲ್ ರೂಮು ಇತ್ತೇನು?

ಹೊಟ್ಟೆ ಉರಿಯಬೇಕಿತ್ತು. ನಿಜ ಹೇಳುತ್ತೇನೆ, ಹಾಲು ಕುಡಿದಷ್ಟು ಸಂತೋಷವಾಯಿತು. ನಾನು ಹಾಳು ಮಾಡಿದ್ದು ನಮ್ಮ ಮನೆಯ ಸ್ವತ್ತು! ಕೇಳುವವರು ಯಾರು? ಅಲ್ಲದೆ ಸತ್ಯವನ್ನು ಬೆಳಕಿಗೆ ತಂದ ಆ ಯಂತ್ರವನ್ನು ಗುಜರಿಗೆ ಹಾಕಿ ಎನ್ನುವುದಕ್ಕೆ ಯಾರಿಗೆ ಬಾಯಿ ಬಂದೀತು? ಅದಕ್ಕೆ ಹಾರ ಹಾಕಬೇಕು.

ಮನೆಗೆ ಬಂದು ಏನೂ ಹೇಳದೆ ಕಾವಲಿಯನ್ನು ಪ್ರಭಾಳಿಗೆ ಕೊಟ್ಟೆ. ಅವಳು ಅದರ ಬೆನ್ನು ತಿರುಗಿಸಿ ನೋಡಲಿಲ್ಲ. ಸಂಜೆಯೆಲ್ಲ ಹರಳೆಣ್ಣೆ ಸವರುವುದು, ಕಾಯಿಸುವುದು, ಈರುಳ್ಳಿ ತಿಕ್ಕುವುದು. ಮನೆ ತುಂಬ ಹೊಗೆ. ನಾನು ಹೊಗೆಯ ನಡುವೆ ಸೀಟಿ ಹಾಕುತ್ತ ಓಡಾಡಿದೆ.

“ಸೀಟಿ ಬೇರೆ ಹೊಡೀತೀರಲ್ಲ! ಏನ್ ಬಂದಿದೆ ನಿಮಗೆ?”

“ನಾಳೆ ಗೊತ್ತಾಗತ್ತೆ.”

ಭಾನುವಾರ ಅನುಸೂಯಮ್ಮನವರು ಬಂದರು. ಕೋಲು ಊರಿಕೊಂಡು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾಗಿಲು ತೆರೆಸಿ ಒಳಗೆ ಇಣುಕಿದರು. ಒಂದು ಲೋಟ ತೆಗೆದು ಒಳಗೆ ಬೆರಳಾಡಿಸಿ ಮೂಸಿದರು.

“ಪರವಾಗಿಲ್ಲ. ಗಟ್ಟಿಯಾಗಿದೆ. ತೊಳ್ಯೋದೂ ಚೆನ್ನಾಗಿ ತೊಳ್ಯತ್ತೆ,” ಎಂದು ಊಟದ ಮೇಜಿನ ಮುಂದೆ ಕೂತರು. “ಪ್ರಭಾ, ದೋಸೆ ತಾರಮ್ಮಾ.”

ಅಡಿಗೆಮನೆಯಿಂದ ಚುಂಯ್ ಸದ್ದು ಬಂತು. ಆಮೇಲೆ ಕೆರೆಯುವ ಸದ್ದು. ಆಮೇಲೆ ಇನ್ನೂ ಜೋರಾಗಿ ಕೆರೆಯುವ ಸದ್ದು. ಕೊನೆಗೆ ಪ್ರಭಾ ತಟ್ಟೆ ಹಿಡಿದು ಬಂದಳು. ಅದರಲ್ಲಿದ್ದದ್ದು ದೋಸೆಯ ಹಿಟ್ಟಿನಿಂದ ಮಾಡಿದ ಉಪ್ಪಿಟ್ಟು. ಅನುಸೂಯಮ್ಮನವರು ಅದನ್ನು ನೋಡಿದರು, ಮಗಳ ಮುಖ ನೋಡಿದರು, ಎದ್ದು ಸೀದಾ ಒಲೆಯ ಹತ್ತಿರ ಹೋದರು. ನಾವಿಬ್ಬರೂ ಹಿಂದೆ ಹೋದೆವು. ಕಾವಲಿ ಒಲೆಯ ಮೇಲೆ ಅಲ್ಲಲ್ಲಿ ಕೆಂಪಗೆ, ಅಲ್ಲಲ್ಲಿ ಕಂದಾಗಿ, ಹೊಗೆಯಾಡುತ್ತ ಕೂತಿತ್ತು.

“ಯಾರಿದನ್ನ ತೊಳ್ದಿದ್ದು?” ಅಂದರು ಅನುಸೂಯಮ್ಮ.

ಪ್ರಭಾ ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಂದೆ. ಗಂಟಲು ಸರಿ ಮಾಡಿಕೊಂಡೆ. “ನಾನು, ಅತ್ತೆ! ಹಾಗೂ ತೊಳೆದದ್ದಕ್ಕೆ ನನಗೆ ಹೆಮ್ಮೆಯಿದೆ. ಯಾಕೆಂದರೆ ಇಷ್ಟು ವರ್ಷ ಈ ಮನೆಯಲ್ಲಿ ಮುಚ್ಚಿಟ್ಟಿದ್ದ ಒಂದು ಸತ್ಯ ನಿನ್ನೆ ಹೊರಗೆ ಬಂತು!” ಎಂದವನೇ ಇಕ್ಕಳದಲ್ಲಿ ಕಾವಲಿಯನ್ನು ಎತ್ತಿ, ಸಿಂಕಿನ ಮೇಲೆ ಬೋರಲು ಹಿಡಿದು, ಬೆನ್ನನ್ನು ತೋರಿಸಿದೆ. “ಓದು ಪ್ರಭಾ! ಜೋರಾಗಿ ಓದು!”

ಪ್ರಭಾ ಬಗ್ಗಿ ಓದಿದಳು. “ಕೆ... ಭದ್ರಮ್ಮ. ಅಯ್ಯೋ! ಇದು ನಿಮ್ಮಮ್ಮನ ಹೆಸರಲ್ವಾ?” ಎಂದು ತನ್ನ ತಾಯಿಯ ಕಡೆ ತಿರುಗಿದಳು. “ಅಮ್ಮಾ, ಇದು ನಮ್ಮತ್ತೇದಾ? ಅಜ್ಜಿ ಕಾಲದ್ದು ಅಂತಿದ್ದೆ?”

ನಾನು ಎದೆ ಸೆಟೆಸಿ ನಿಂತೆ. ನನ್ನ ಜೀವನದಲ್ಲಿ ಅತ್ತೆಯ ಮುಂದೆ ಎದೆ ಸೆಟೆಸಿದ್ದು ಅದೇ ಮೊದಲು.

ಅನುಸೂಯಮ್ಮನವರು ಬೆಚ್ಚಲಿಲ್ಲ. ಹತ್ತಿರ ಬಂದು, ಕನ್ನಡಕ ಸರಿ ಮಾಡಿಕೊಂಡು, ಹೆಸರನ್ನು ನೋಡಿದರು. ಮುಖದಲ್ಲಿ ನಗು ಅರಳಿತು.

“ಹೌದು ಕಣಮ್ಮಾ, ಭದ್ರಮ್ಮನೋರದ್ದೇ. ಮದುವೆಗೆ ಒಂದು ವಾರ ಮುಂಚೆ, ಸೆರಗಲ್ಲಿ ಮುಚ್ಕೊಂಡು, ಹಿತ್ತಲ ಬಾಗಿಲಿಂದ ನಮ್ಮನೆಗೆ ತಂದುಕೊಟ್ರು ಪುಣ್ಯಾತ್ಗಿತ್ತಿ.”

“ಅಮ್ಮನೇ ತಂದುಕೊಟ್ಟಳಾ?”

“ಹ್ಞೂ, ಅಳಿಯಂದ್ರೆ. ‘ಅನುಸೂಯಮ್ಮಾ, ನಮ್ಮ ಉಪ್ಪಿಗೆ ಹೊಸದಾಗಿ ತಪಾಸಣೆ ಕೆಲಸ ಸಿಕ್ಕಿದೆ, ಮನೇಲಿ ಕಪ್ಪಗಿರೋದು ಏನ್ ಕಂಡ್ರೂ ಉಜ್ಜೋಕೆ ಹೋಗ್ತಾನೆ. ಈ ಕಾವಲಿ ಉಳೀಬೇಕು ಅಂದ್ರೆ ಇದನ್ನ ನಿಮ್ಮ ಪ್ರಭಾ ಕೈಲಿ ಕಳಿಸಿ. ನಿಮ್ಮನೆ ತಲತಲಾಂತರದ್ದು ಅಂತ ಹೇಳ್ಬಿಡಿ. ನಂದು ಅಂದ್ರೆ ಅವನಿಗೆ ಸದರ. ಅತ್ತೆಮನೇದು ಅಂದ್ರೆ ಮುಟ್ಟೋಕೆ ಹೆದರ್ತಾನೆ’ ಅಂದ್ರು.”

ಪ್ರಭಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ಇಲ್ಲ, ನಗುತ್ತಿದ್ದಳು.

“ನನಗೂ ಸಾಕಾಗಿಹೋಗಿತ್ತು,” ಎಂದರು ಅನುಸೂಯಮ್ಮ. “ಬಂದಾಗೆಲ್ಲ ಒಂದೊಂದು ತಲೆಮಾರು ಸೇರಿಸ್ಬೇಕು. ಇಲ್ದಿದ್ರೆ ನಿಮ್ಗೆ ಹೆದರಿಕೆ ಇಳಿದುಹೋಗತ್ತಲ್ಲ? ಭದ್ರಮ್ಮನೋರು ಬದುಕಿರೋವರ್ಗೂ, ‘ಕಾವಲಿ ಕಾಲಾನ ಇನ್ನೊಂದು ಸ್ವಲ್ಪ ಹಿಂದಕ್ಕೆ ತಗೊಂಡೋಗಿ, ಇವನು ಮೊನ್ನೆ ಗೂಟದ ಕಡೆ ನೋಡ್ತಿದ್ದ’ ಅಂತ ಹೇಳಿ ಕಳಿಸೋರು.”

ಇಕ್ಕಳ ಹಿಡಿದ ಕೈ ಇಳಿದುಹೋಯಿತು. ಅಮ್ಮ ನನ್ನ ಕಣ್ಣ ಮುಂದೆಯೇ, ತನ್ನ ಸ್ವಂತ ಕಾವಲಿಯ ಮುಂದೆ ನಿಂತು, “ಬೀಗರ ಮನೇದು ಕಣೋ” ಎಂದು ಅಷ್ಟು ವರ್ಷ ಮುಖ ಬದಲಾಯಿಸದೆ ಹೇಳಿದ್ದಳು. ಮಾಲು ನೋಡಿದ ಕೂಡಲೇ ದೋಷ ಹಿಡಿಯುತ್ತೇನೆಂದು ಮೆರೆದವನು ನಾನು. ನನ್ನನ್ನು ಮಾತ್ರ ಅವಳು ಮದುವೆಗೆ ಮುಂಚೆಯೇ ತಪಾಸಣೆ ಮಾಡಿ ಮುಗಿಸಿದ್ದಳು. ನಗು ಬಂತು, ಅಮ್ಮ ಇರಬೇಕಿತ್ತು ಅಂತಲೂ ಅನ್ನಿಸಿತು.

ಅನುಸೂಯಮ್ಮನವರು ಕಾವಲಿಯನ್ನು ಒಲೆಯ ಮೇಲಿಟ್ಟು, ಎಣ್ಣೆ ಬಟ್ಟೆಯನ್ನು ತಾವೇ ಕೈಗೆ ತೆಗೆದುಕೊಂಡರು. “ಆರು ತಿಂಗಳು ದಿನಾ ದೋಸೆ ಹುಯ್ದ್ರೆ ಮತ್ತೆ ಪಳಗತ್ತೆ. ಅಲ್ಲಿವರ್ಗೂ ಹರಿದ ದೋಸೆನೆಲ್ಲ ಅಳಿಯಂದ್ರೇ ತಿನ್ನಲಿ.”

“ಆಗ್ಲಿ ಅತ್ತೆ,” ಅಂದೆ ತಲೆ ತಗ್ಗಿಸಿ. ಆಮೇಲೆ ಮೆಲ್ಲಗೆ, “ಮತ್ತೆ, ಯಂತ್ರ?” ಅಂತ ಕೇಳಿದೆ.

“ಯಂತ್ರ ಇರ್ಲಿ, ಒಳ್ಳೇದು. ಇನ್ನೂ ಎಷ್ಟೋ ವರ್ಷ ಬರತ್ತೆ.” ಅವರು ಮಗಳ ಕಡೆ ತಿರುಗಿದರು. “ಪ್ರಭಾ, ಯಾರಾದ್ರೂ ಕೇಳಿದ್ರೆ ಅದೂ ನಮ್ಮನೇದೇ ಅಂತ ಹೇಳ್ಬಿಡಮ್ಮಾ. ನಮ್ಮತ್ತೆಯ ಅತ್ತೆ ಕಾಲದ್ದು.”

ಅಂದಿನಿಂದ ನಾನು ಅದರ ಗುಂಡಿ ಮುಟ್ಟಿಲ್ಲ.